ಜಗಲಿ ಮತ್ತು ಮಲ್ಲಿಗೆ

ಮನೆಗಳ ಆಶೀರ್ವಾದಕ್ಕೆಂದು ವಾಳೆಗಳಿಗೆ ಹೋದಾಗ ಅರ್ಧ ಕಟ್ಟಿ ನಿಲ್ಲಿಸಿದ ಜಗಲಿಗಳನ್ನು ನೋಡುವುದು ನನಗೆ ಹೊಸತಲ್ಲ. ಅಂಗಳದ ಒಂದು ಬದಿಗೆ ಜಲ್ಲಿಯ ರಾಶಿ, ರಾಶಿಯ ಮೇಲೆ ಹುಟ್ಟಿದ ಹುಲ್ಲು, ಟಾರ್ಪಾಲು ಹೊದೆಸಿಟ್ಟ ಟೈಲ್ಸಿನ ಪೆಟ್ಟಿಗೆಗಳು, ಕಂಬದ ತುದಿಯಿಂದ ಇಣುಕುವ ತುಕ್ಕು ಹಿಡಿದ ಸರಳು. ಮನೆಯ ಯಜಮಾನರು ನಾಚಿಕೊಂಡು, “ಬರುವ ವರ್ಷ ನೀವು ಬರುವಾಗ ಎಲ್ಲ ಸರಿಯಾಗ್ತದೆ ಫಾದರ್” ಎನ್ನುತ್ತಾರೆ. “ಕಳೆದ ವರ್ಷವೂ ಹೀಗೇ ಹೇಳಿದ್ದಿರಲ್ಲ?” ಎಂದು ತಮಾಷೆ ಮಾಡುವ ಕೆಟ್ಟ ಅಭ್ಯಾಸ ನನಗಿತ್ತು. ಈಗ ಬಿಟ್ಟಿದ್ದೇನೆ. ನಮ್ಮ ಮನೆಯ ಅಂಗಳದಲ್ಲೂ ಅಂಥದ್ದೇ ಟಾರ್ಪಾಲು ಇದೆ.

ನಮ್ಮ ಮನೆ ಮಂಜೇಶ್ವರದ ಕಡೆ, ಪೇಟೆಯಿಂದ ಸ್ವಲ್ಪ ಒಳಗೆ. ಅಪ್ಪ ಕಟ್ಟಿಸಿದ ಹೆಂಚಿನ ಮನೆ. ಎದುರಿಗೆ ಎತ್ತರದ ಜಗಲಿ, ಐದು ಮೆಟ್ಟಿಲು, ಆಮೇಲೆ ಅಂಗಳ, ಅದರಾಚೆ ಅಡಿಕೆ ತೋಟ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ, ತಮ್ಮನ ಹೆಂಡತಿ, ಇಬ್ಬರು ಮಕ್ಕಳು. ತಮ್ಮ ಗಲ್ಫಿನಲ್ಲಿದ್ದಾನೆ. ನಾನಿರುವ ಧರ್ಮಕೇಂದ್ರದಿಂದ ಮನೆಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಸೋಮವಾರ ಬಿಡುವಾದರೆ ಹೋಗಿ ಬರುತ್ತೇನೆ, ತಿಂಗಳಿಗೆ ಒಂದೋ ಎರಡೋ ಸಲ.

2025ರ ಪಾಸ್ಖ ಹಬ್ಬ ಕಳೆದ ವಾರ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಹತ್ತಿರ ಮೂಳೆ ಮುರಿಯಿತು. ಮಂಗಳೂರಿನಲ್ಲಿ ಆಪರೇಷನ್ ಆಯಿತು. ವಾಕರ್ ಹಿಡಿದು ನಡೆಯಲು ಕಲಿಯುವವರೆಗೆ ಅವರು ಅಲ್ಲೇ ಅಕ್ಕನ ಫ್ಲ್ಯಾಟಿನಲ್ಲಿ ಇರುವುದೆಂದು ನಿಶ್ಚಯಿಸಿದೆವು. ಅಲ್ಲಿ ಲಿಫ್ಟ್ ಇದೆ, ಮೆಟ್ಟಿಲು ಹತ್ತುವ ಕಷ್ಟವಿಲ್ಲ. ತಮ್ಮ ಮೂರು ವಾರದ ರಜೆ ಹಾಕಿ ಓಡಿ ಬಂದ. ಅಮ್ಮ ಹಿಂದಿರುಗುವುದರೊಳಗೆ ಆ ಐದು ಮೆಟ್ಟಿಲಿಗೆ ಏನಾದರೂ ಮಾಡಬೇಕೆಂದು ಅವನೂ ನಾನೂ ಒಂದು ಸಂಜೆ ಅಂಗಳದಲ್ಲಿ ಟೇಪು ಹಿಡಿದು ನಿಂತೆವು. ಜಗಲಿಯನ್ನು ಅಗಲಿಸುವುದು, ಮೇಲೆ ಶೀಟು ಹಾಕುವುದು, ನೆಲಕ್ಕೆ ಟೈಲ್ಸ್, ಗಾಲಿಕುರ್ಚಿ ಹೋಗುವಂತೆ ಒಂದು ರ‍್ಯಾಂಪ್. ಅಮ್ಮ ಅಲ್ಲಿ ಕೂತು ತೋಟ ನೋಡಬಹುದು, ಸಂಜೆಯ ಜಪಸರ ಅಲ್ಲೇ ಮಾಡಬಹುದು. ಎಲ್ಲ ಅವರಿಗಾಗಿಯೇ.

ರ‍್ಯಾಂಪಿನ ಲೆಕ್ಕ ಆ ಸಂಜೆಯವರೆಗೆ ನನಗೆ ತಿಳಿದಿರಲಿಲ್ಲ. ನಿಮ್ಮಲ್ಲಿ ಯಾರಾದರೂ ಮನೆಯ ಹಿರಿಯರಿಗಾಗಿ ಇಂಥದ್ದನ್ನು ಯೋಚಿಸುತ್ತಿದ್ದರೆ ಮೊದಲು ಈ ಲೆಕ್ಕ ಮಾಡಿ. ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ ಬೇಕು. ಅದಕ್ಕಿಂತ ಕಡಿದಾದರೆ ಕುರ್ಚಿ ತಳ್ಳುವವರಿಗೂ ಕಷ್ಟ, ಇಳಿಯುವವರಿಗೂ ಅಪಾಯ. ನಮ್ಮ ಜಗಲಿಯ ಎತ್ತರ 30 ಇಂಚು. ಹಾಗಾದರೆ ರ‍್ಯಾಂಪಿನ ಉದ್ದ 30 ಅಡಿ! ನೇರ ತೆಗೆದರೆ ತೋಟಕ್ಕೇ ಹೋಗಿ ಮುಟ್ಟುತ್ತದೆ. ಆದ್ದರಿಂದ ಮಧ್ಯದಲ್ಲಿ ಐದಡಿಯ ಒಂದು ಕಟ್ಟೆ ಕೊಟ್ಟು ತಿರುಗಿಸಬೇಕು. ಎಡಬದಿಯಲ್ಲಿ ತಿರುಗಿಸಿದರೆ ಸರಿಯಾಗಿ ಕೂರುತ್ತದೆಂದು ತಮ್ಮ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ.

ಎಡಬದಿಯಲ್ಲಿ ಅಮ್ಮನ ಮಲ್ಲಿಗೆ ಗಿಡಗಳಿದ್ದವು.

ಹದಿನಾಲ್ಕು ಗಿಡ. ಅಮ್ಮನ ತವರು ಶಂಕರಪುರದ ಕಡೆ. ಉಡುಪಿ ಮಲ್ಲಿಗೆ, ಶಂಕರಪುರ ಮಲ್ಲಿಗೆ ಎಂದು ಹೆಸರಾಗಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದ ಆ ಹೂವನ್ನು ಅಲ್ಲಿ ಎಷ್ಟೋ ಕ್ರೈಸ್ತ ಕುಟುಂಬಗಳು ತಲೆಮಾರುಗಳಿಂದ ಬೆಳೆಸಿಕೊಂಡು ಬಂದಿವೆ. ಮದುವೆಯಾಗಿ ಬರುವಾಗ ಅಮ್ಮ ಒಂದು ಗಿಡ ತಂದರಂತೆ, ಉಳಿದವು ಅದರ ಗೆಲ್ಲುಗಳಿಂದಲೇ ಆದವು. ಬೆಳಗಿನ ಪೂಜೆಗೆ ಮೊದಲೇ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಪೇಟೆಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಎಂಟು ನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮ ಮನೆಯಲ್ಲಿ ಅಟ್ಟೆಯಾಗುತ್ತಿದ್ದುದು ಏಪ್ರಿಲ್–ಮೇ ತಿಂಗಳಲ್ಲಿ ಮಾತ್ರ. ಆದರೂ ಅಡಿಕೆಯ ದುಡ್ಡು ಅಪ್ಪನ ಕೈಗೆ ಹೋಗುತ್ತಿದ್ದರೆ ಮಲ್ಲಿಗೆಯ ದುಡ್ಡು ಅಮ್ಮನದಾಗಿತ್ತು. ನಾನು ಗುರುಮಠಕ್ಕೆ ಸೇರುವಾಗ ಕೊಂಡೊಯ್ದ ಟ್ರಂಕು, ಹಾಸಿಗೆ, ಎರಡು ಜೊತೆ ಬಟ್ಟೆ, ಎಲ್ಲ ಆ ದುಡ್ಡಿನವು.

ಇದೆಲ್ಲ ಗೊತ್ತಿದ್ದೂ, “ಗಿಡವನ್ನು ಕಿತ್ತು ಹಿಂದೆ ನೆಟ್ಟರಾಯಿತು, ಒಂದು ವರ್ಷದಲ್ಲಿ ಚಿಗುರುತ್ತದೆ” ಎಂದವನು ನಾನೇ. ತಮ್ಮ ಸ್ವಲ್ಪ ಅನುಮಾನಿಸಿದ. ಅಮ್ಮನಿಗೆ ಫೋನ್ ಮಾಡಿ ಕೇಳೋಣವೇ ಎಂದ. ನೋವಿನಲ್ಲಿರುವವರಿಗೆ ಇದನ್ನೆಲ್ಲ ಹೇಳಿ ತಲೆಬಿಸಿ ಮಾಡುವುದು ಬೇಡ ಎಂದೆ.

ನಮ್ಮ ಮೇಸ್ತ್ರಿ ವಯಸ್ಸಾದವರು. ಮಲಯಾಳ, ತುಳು, ಕನ್ನಡ ಮೂರನ್ನೂ ಕಲಸಿ ಮಾತಾಡುತ್ತಾರೆ. ನಾವು ಮನೆಯಲ್ಲಿ ಕೊಂಕಣಿ, ಅವರ ಸಹಾಯಕ್ಕಿದ್ದ ಬಂಗಾಳದ ಇಬ್ಬರು ಹುಡುಗರದು ಹಿಂದಿ. ಒಂದು ಗೋಡೆ ಸೊಟ್ಟಗಿದೆ ಎಂದು ಹೇಳಲು ನಮ್ಮ ಗಡಿನಾಡಿನಲ್ಲಿ ಐದು ಭಾಷೆ ಬೇಕಾಗುತ್ತದೆ. ಅವರು ಮೊದಲ ದಿನವೇ ಎರಡು ಮಾತು ಹೇಳಿದ್ದರು. ಒಂದು, “ಫಾದರೇ, ಈ ಕೆಲಸ ಈಗ ಬೇಡ, ಮಳೆ ಹೋಗ್ಲಿ.” ಎರಡನೆಯದು, “ತುಂಬಿಸಿದ ಮಣ್ಣು ಒಂದು ಮಳೆ ಕುಡೀಬೇಕು, ಆಮೇಲೆ ಮೇಲಿನ ಕೆಲಸ.”

ನನ್ನ ಲೆಕ್ಕ ಬೇರೆ ಇತ್ತು. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಮೇ 5ರಂದು ಶುರು ಮಾಡಿದರೆ ಇಪ್ಪತ್ತೇಳು ದಿನ ಸಿಗುತ್ತದೆ. ಅಷ್ಟರಲ್ಲಿ ಪಂಚಾಂಗ, ಗೋಡೆ, ಕಾಂಕ್ರೀಟು ಮುಗಿದರೆ ಟೈಲ್ಸಿನ ಕೆಲಸ ಶೀಟಿನ ಅಡಿಯಲ್ಲಿ ನಿಧಾನವಾಗಿ ಆಗಬಹುದು. ಮೇಸ್ತ್ರಿ ತಲೆ ಕೆರೆದುಕೊಂಡು, “ನೀವು ಹೇಳಿದ ಹಾಗೆ” ಎಂದರು. ಪಾದ್ರಿಗೆ ಎದುರು ಮಾತಾಡುವುದು ಹೇಗೆಂಬ ಸಂಕೋಚ ಜನರಲ್ಲಿದೆ. ಅದರಿಂದ ಎಷ್ಟು ನಷ್ಟವಾಗಿದೆಯೋ ದೇವರಿಗೇ ಗೊತ್ತು.

ಆ ವರ್ಷ ಮುಂಗಾರು ಮೇ 24ಕ್ಕೇ ಬಂತು. ವಾಡಿಕೆಗಿಂತ ಎಂಟು ದಿನ ಮೊದಲು. 2009ರ ನಂತರ ಕೇರಳಕ್ಕೆ ಇಷ್ಟು ಬೇಗ ಮಳೆಗಾಲ ಹಿಡಿದದ್ದೇ ಇಲ್ಲವೆಂದು ಪತ್ರಿಕೆಗಳಲ್ಲಿ ಓದಿದೆ. ಹಿಡಿದ ಮಳೆ ಬಿಡಲಿಲ್ಲ. ಪಂಚಾಂಗಕ್ಕೆ ತೋಡಿದ ಹೊಂಡಗಳಲ್ಲಿ ನೀರು ನಿಂತು ಬದಿಯ ಮಣ್ಣು ಕುಸಿಯಿತು. ಹಳೆಯ ಮೆಟ್ಟಿಲುಗಳನ್ನು ಆಗಲೇ ಒಡೆದಾಗಿತ್ತು, ಹೊಸತು ಬಂದಿರಲಿಲ್ಲ. ಹಲಗೆಯ ಮೇಲೆ ನಡೆದು ಮನೆಯೊಳಗೆ ಹೋಗಬೇಕಾದ ಸ್ಥಿತಿ. ತಮ್ಮನ ರಜೆ ಮುಗಿಯಿತು, ಅವನು ಹೋದ. ಬಕ್ರೀದಿಗೆಂದು ಊರಿಗೆ ಹೊರಟ ಬಂಗಾಳದ ಹುಡುಗರು ಐದು ವಾರ ಕಳೆದು ಬಂದರು. ಅವರನ್ನು ದೂರುವುದಕ್ಕಿಲ್ಲ. ವರ್ಷಕ್ಕೊಮ್ಮೆ ತಾಯಿಯ ಮುಖ ನೋಡಲು ಹೋದವರು.

ಇನ್ನು ಕಲ್ಲು. ನಮ್ಮ ಕಡೆಯ ಕೆಂಪುಕಲ್ಲು, ಮುರಕಲ್ಲು, ಗುಡ್ಡದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಕೋರೆಯಲ್ಲಿ ನೀರು ತುಂಬಿ ಕಡಿಯುವ ಕೆಲಸ ನಿಲ್ಲುತ್ತದೆ, ಸಿಕ್ಕಿದ ಕಲ್ಲೂ ಹಸಿ. ಆ ವರ್ಷ ಆಚೆ ದಕ್ಷಿಣ ಕನ್ನಡದಲ್ಲೂ ಕೆಂಪುಕಲ್ಲು, ಮರಳಿನ ಅಭಾವದಿಂದ ಎಷ್ಟೋ ಕೆಲಸಗಳು ನಿಂತಿದ್ದವು. ನಮಗೆ ಬೇಕಾಗಿದ್ದುದು ಇನ್ನೂ ಇನ್ನೂರೈವತ್ತು ಕಲ್ಲು. ಲೋರಿಯವನು ಇಂದು, ನಾಳೆ ಎನ್ನುತ್ತಾ ಒಂದು ತಿಂಗಳು ಕಳೆದ. ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ, ನಮ್ಮದೇ ಮಲಬಾರಿನ ಅಂಗಡಿಪುರದ ಕಲ್ಲನ್ನು ನೋಡಿ ಇಟ್ಟ ಹೆಸರು. ಲ್ಯಾಟಿನ್ನಿನಲ್ಲಿ ‘ಲಾತೆರ್’ ಅಂದರೆ ಇಟ್ಟಿಗೆ. ಗುರುಮಠದಲ್ಲಿ ಕಲಿತ ಲ್ಯಾಟಿನ್ನು ಹೀಗೆ ಲೋರಿಗೆ ಕಾಯುವಾಗ ನೆನಪಾಯಿತು. ಅದೇ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಓದಿದರೆ ‘ಆಮೇಲೆ’ ಎಂದಾಗುತ್ತದೆ. ನಮ್ಮ ಲೋರಿಯವನಿಗೆ ಇಂಗ್ಲಿಷೇ ಸರಿಯಾಗಿ ಬರುತ್ತಿತ್ತು.

ಅಮ್ಮ ಜುಲೈ ಮೊದಲ ವಾರ ಮನೆಗೆ ಬಂದರು. ಇನ್ನು ಕಾಯುವುದಿಲ್ಲ ಎಂದು ಹಟ ಹಿಡಿದಿದ್ದರು. ನೆರೆಯ ನಾಲ್ವರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಹೊಂಡದ ಮೇಲಿನ ಹಲಗೆ ದಾಟಿಸಿ ಒಳಗೆ ಕರೆದುಕೊಂಡು ಹೋದರು. ಸುರಿಯುವ ಮಳೆ, ಕೊಡೆಗಳು, ಕೂಗಾಟ. ಆ ಗಡಿಬಿಡಿಯಲ್ಲಿ ಅವರು ಎಡಬದಿಗೆ ನೋಡಲಿಲ್ಲವೆಂದೇ ನಾವು ತಿಳಿದೆವು.

ಗಿಡಗಳ ಕತೆ ಅಷ್ಟರಲ್ಲೇ ಮುಗಿದಿತ್ತು. ಮೇ ತಿಂಗಳ ಬಿಸಿಲಿನಲ್ಲಿ, ಮೈತುಂಬ ಹೂ ಬಿಡುವ ಸಮಯದಲ್ಲಿ ಕಿತ್ತದ್ದು ಮೊದಲ ತಪ್ಪು. ಹಳೆಯ ಗಿಡದ ಬೇರು ಆಳಕ್ಕೆ ಹೋಗಿರುತ್ತದೆ, ಕೀಳುವಾಗ ಅರ್ಧ ಮಣ್ಣಿನಲ್ಲೇ ಉಳಿಯಿತು. ಹಿತ್ತಿಲಿನಲ್ಲಿ ಅಡಿಕೆಯ ಕಣಿಯ ಪಕ್ಕ ಒಂದೇ ಗುಂಡಿಯಲ್ಲಿ ಸಾಲಾಗಿ ನಿಲ್ಲಿಸಿ, ಕೆಲಸ ಮುಗಿದ ಮೇಲೆ ಸರಿಯಾಗಿ ನೆಡೋಣ ಎಂದು ಬಿಟ್ಟದ್ದು ಎರಡನೆಯದು. ಮಲ್ಲಿಗೆಗೆ ನೀರು ಬೇಕು, ಆದರೆ ಬುಡದಲ್ಲಿ ನಿಂತ ನೀರು ಆಗದು. ಮಳೆ ಹಿಡಿದ ಎರಡು ವಾರದಲ್ಲಿ ಎಲೆ ಹಳದಿಯಾಯಿತು, ನಾಲ್ಕನೆಯ ವಾರದಲ್ಲಿ ಎಳೆದರೆ ಬುಡವೇ ಕೈಗೆ ಬಂತು. ಹದಿನಾಲ್ಕೂ ಹೋದವು.

ಅಮ್ಮ ಬಂದ ಮರುದಿನ ತಮ್ಮನ ಹೆಂಡತಿ ಫೋನ್ ಮಾಡಿದಳು. “ಫಾದರ್, ಅಮ್ಮ ಗಿಡ ಕೇಳಿದ್ರು. ನಾನು ಇದ್ದದ್ದನ್ನು ಹೇಳಿದೆ. ಅವರು ಎಂತದ್ದೂ ಹೇಳ್ಲಿಲ್ಲ. ಊಟ ಸ್ವಲ್ಪ ಬಿಟ್ರು.”

ಸೋಮವಾರ ಹೋದೆ. ಒಂದು ಸಂಗತಿ ಹೇಳಬೇಕು. ನನಗೆ ಗುರುದೀಕ್ಷೆಯಾದಂದಿನಿಂದ ಅಮ್ಮ ಜನರೆದುರು ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ. ನಾವಿಬ್ಬರೇ ಇದ್ದಾಗ ಮಾತ್ರ ಹಳೆಯ ಏಕವಚನ. ಆ ಏಕವಚನ ಕೇಳಲೆಂದೇ ಕೆಲವು ಸಲ ಮನೆಗೆ ಹೋಗುತ್ತೇನೆ ಎಂದರೂ ತಪ್ಪಲ್ಲ. ಆ ಸೋಮವಾರ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ನನ್ನನ್ನು ಒಂದು ಮಾತು ಕೇಳಬಹುದಿತ್ತು ನೀವು” ಎಂದರು.

“ಕೇಳಿದ್ದರೆ ನೀವು ಒಪ್ಪುತ್ತಿರಲಿಲ್ಲ ಅಮ್ಮ.”

“ಒಪ್ಪುತ್ತಿದ್ದೆ. ಬಾವಿಯ ಬದಿಯಿಂದ ತೆಗೀರಿ ಅನ್ನುತ್ತಿದ್ದೆ. ಅಲ್ಲಿ ಎಂತ ಉಂಟು? ಒಂದು ಲಿಂಬೆ ಗಿಡ, ಅದೂ ಕಾಯಿ ಬಿಡದ್ದು.”

ಹೊರಗೆ ಬಂದು ಬಾವಿಯ ಬದಿಯನ್ನು ನೋಡಿದೆ. ಟೇಪು ಬೇಕಾಗಲಿಲ್ಲ. ಬರಿಗಣ್ಣಿಗೇ ಕಾಣುತ್ತಿತ್ತು, ಮೂವತ್ತಡಿಗೆ ಸಾಕಾಗಿ ಮಿಕ್ಕುವಷ್ಟು ಜಾಗ.

ಮಳೆ, ಕಲ್ಲು, ಲೋರಿ, ಕೆಲಸದವರು, ಇವುಗಳಿಂದ ಆದ ತಡವನ್ನು ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಆ ದಿನ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದರೆ, ಇಡೀ ಕೆಲಸದಲ್ಲಿ ಒಂದು ದಿನವೂ ತಡವಾಗದೆ, ಮೇ 5ರಂದೇ, ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿದಿದ್ದುದು ಗಿಡ ಕೀಳುವ ಕೆಲಸ ಒಂದೇ. ಮೇಸ್ತ್ರಿ ಹೇಳಿದಂತೆ ಮಳೆಗಾಲ ಕಳೆದು ಶುರು ಮಾಡಿದ್ದರೆ ಅಷ್ಟರಲ್ಲಿ ಅಮ್ಮ ಮನೆಯಲ್ಲಿರುತ್ತಿದ್ದರು, ಕುರ್ಚಿಯಲ್ಲಿ ಕೂತಲ್ಲಿಂದಲೇ ಬಾವಿಯ ಬದಿಗೆ ಕೈ ತೋರಿಸುತ್ತಿದ್ದರು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಜುಲೈ ಕೊನೆಗೆ ನಾಲ್ಕು ದಿನ ಬಿಸಿಲು ಬಿದ್ದಾಗ ನಾನೇ ಒತ್ತಾಯಿಸಿ ರ‍್ಯಾಂಪಿಗೆ ಮಣ್ಣು ತುಂಬಿಸಿ ಕಾಂಕ್ರೀಟು ಹಾಕಿಸಿದೆ. ಆಗಸ್ಟಿನಲ್ಲಿ ಅಡಿಯ ಮಣ್ಣು ಇಳಿದು, ತಿರುವಿನ ಕಟ್ಟೆಯ ಹತ್ತಿರ ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಮೇಸ್ತ್ರಿ ಬಂದು ನೋಡಿದರು. ‘ನಾನು ಮೊದಲೇ ಹೇಳಿದ್ದೆ’ ಎನ್ನುವ ಹಕ್ಕು ಅವರಿಗಿತ್ತು, ಅನ್ನಲಿಲ್ಲ. “ನಾಡಿದ್ದು ಬರ್ತೇನೆ” ಎಂದು ಹೋದರು. ಈ ‘ನಾಡಿದ್ದು’ ಎಂಬ ಮಾತನ್ನು ನಮ್ಮ ಕಡೆಯವರು ಚೆನ್ನಾಗಿ ಬಲ್ಲರು. ನಾಳೆ ಅಂದರೆ ಜನ ಕಾಯುತ್ತಾರೆ, ಬರುವ ವಾರ ಅಂದರೆ ಸಿಟ್ಟಾಗುತ್ತಾರೆ, ನಾಡಿದ್ದು ಎಂದರೆ ಎರಡೂ ಇಲ್ಲ.

ಟೈಲ್ಸಿನದು ಇನ್ನೊಂದು ಕತೆ. ತಮ್ಮ ಗಲ್ಫಿನಿಂದ ಫೋನಿನಲ್ಲಿ ಚಿತ್ರ ನೋಡಿ ಆರಿಸಿದ್ದ. ಕನ್ನಡಿಯಂತೆ ಹೊಳೆಯುವ ಬಿಳಿ ಟೈಲ್ಸ್. ಅಮ್ಮನಿಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಅದನ್ನು ಕಂಡು, “ಮಳೆಯ ನೀರು ಬಿದ್ದರೆ ಇದರ ಮೇಲೆ ನಾನೇ ಜಾರ್ತೇನೆ” ಎಂದಳು. ತೆರೆದ ಪೆಟ್ಟಿಗೆಗಳನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೈ ಒರಟಾದ, ಜಾರದ ಟೈಲ್ಸನ್ನು ಬೇರೆಯೇ ತರಿಸಬೇಕಾಯಿತು. ಮೊದಲು ಒಂದು ಲಕ್ಷ ಎಂಬತ್ತು ಸಾವಿರ ಎಂದಿದ್ದ ಕೆಲಸ ಆಗಲೇ ಎರಡೂವರೆ ಲಕ್ಷ ದಾಟಿತ್ತು. ಅದೇ ಹುಡುಗಿ ಇನ್ನೊಂದು ಮಾತು ಹೇಳಿದಳು. ಅಮ್ಮನಿಗೆ ಗಾಲಿಕುರ್ಚಿ ಬೇಕಾಗುವುದಿಲ್ಲ, ವಾಕರ್ ಪೂರ್ತಿ ನಿಲ್ಲುವಷ್ಟು ಅಗಲದ, ನಾಲ್ಕು ಇಂಚಿನ ಗಿಡ್ಡ ಮೆಟ್ಟಿಲು, ಎರಡೂ ಬದಿಗೆ ಹಿಡಿಯಲು ಕಂಬಿ ಇದ್ದರೆ ಅವರೇ ಇಳಿದಾರು. ಈ ಮಾತನ್ನು ಮೇ ತಿಂಗಳಲ್ಲೇ ಯಾರನ್ನಾದರೂ ಕೇಳಬಹುದಿತ್ತು.

ತೆನೆ ಹಬ್ಬ ಬಂತು. ನೊವೆನದ ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂ ಒಯ್ಯಬೇಕು. ಮಳೆಗಾಲದಲ್ಲಿ ಮಲ್ಲಿಗೆ ಕಡಿಮೆ, ಆದರೂ ಮೊದಲ ದಿನಕ್ಕೆ ಒಂದು ಮೊಳವಾದರೂ ಅಮ್ಮ ಹೇಗೋ ಹೊಂದಿಸುತ್ತಿದ್ದರು. ಆ ಸಲ ಮೊಮ್ಮಕ್ಕಳು ಬೇಲಿಯ ದಾಸವಾಳ, ನೆರೆಮನೆಯ ಗೋರಂಟೆ ಕೊಯ್ದುಕೊಂಡು ಹೋದರು. ಅಮ್ಮ ವಾಕರ್ ಹಿಡಿದು ಒಡೆದ ಜಗಲಿಯ ಅಂಚಿನವರೆಗೆ ಬಂದು ನಿಂತು ಮಕ್ಕಳು ಗೇಟು ದಾಟುವುದನ್ನು ನೋಡಿದರಂತೆ. ಕೆಳಗಿಳಿಯಲು ದಾರಿ ಇರಲಿಲ್ಲ.

ಹಬ್ಬದ ಮರುವಾರ ನಾನು ಮನೆಯಲ್ಲಿದ್ದಾಗ ತಮ್ಮನ ಹೆಂಡತಿ, “ಫಾದರ್, ಒಮ್ಮೆ ಹಿಂದೆ ಬನ್ನಿ” ಎಂದು ಕರೆದಳು. ತೆಂಗಿನ ಬುಡದಲ್ಲಿ, ಹಾಲಿನ ಖಾಲಿ ಪ್ಯಾಕೆಟುಗಳಲ್ಲಿ ಸಾಲಾಗಿ ಗೆಲ್ಲು ಊರಿದ್ದಳು. ಮೇ ತಿಂಗಳಲ್ಲಿ ಗಿಡ ಕೀಳುವ ಮೊದಲು ಕೆಲಸದವರು ಸವರಿ ಬಿಸಾಡಿದ ಗೆಲ್ಲುಗಳು ಅವು. ಪೆನ್ಸಿಲ್ ಗಾತ್ರದವನ್ನು ಆರಿಸಿ, ಗೇಣುದ್ದಕ್ಕೆ ಕತ್ತರಿಸಿ, ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ಊರಿ, ಮಳೆ ನೇರ ಬೀಳದ ಹಾಗೆ ಮೇಲೆ ಮಡಲು ಮುಚ್ಚಿದ್ದಳು. ನಲವತ್ತರಲ್ಲಿ ಒಂಬತ್ತು ಚಿಗುರಿದ್ದವು. “ಅಮ್ಮನಿಗೆ ಇನ್ನೂ ಹೇಳ್ಲಿಲ್ಲ. ಹೇಳಿ ಆಮೇಲೆ ಸತ್ತುಹೋದರೆ?” ಎಂದಳು. ಈ ಮನೆಗೆ ಬಂದ ಹೊಸದರಲ್ಲಿ ಅಮ್ಮನೇ ಅವಳಿಗೆ ಇದನ್ನು ಕಲಿಸಿದ್ದರಂತೆ. ಆ ಬೆಳಿಗ್ಗೆ ಅಂಗಳದಲ್ಲಿ ನಿಂತು ಅಪ್ಪಣೆ ಕೊಡುತ್ತಿದ್ದ ನಮ್ಮಿಬ್ಬರ ಎದುರು ಅವಳು ಬಾಯಿ ತೆರೆಯಲಿಲ್ಲ. ನಾವೂ ಕೇಳಲಿಲ್ಲ.

ಅಂದೇ ಅಮ್ಮನಿಗೆ ಹೇಳಿದೆವು. ಒಂದು ಪ್ಯಾಕೆಟನ್ನು ಒಳಗೆ ತಂದು ಕೈಗೆ ಕೊಟ್ಟಳು. ಅಮ್ಮ ಎಲೆ ತಿರುವಿ ನೋಡಿ, “ನೀರು ಜಾಸ್ತಿ ಹಾಕಿದ್ದಿ” ಎಂದು ಸೊಸೆಯನ್ನು ಗದರಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಊಟ ಮಾಡಿದ್ಯಾ?” ಎಂದರು. ಏಕವಚನ.

ಮಳೆ ಬಿಟ್ಟ ಮೇಲೆ ಮೇಸ್ತ್ರಿ ನಿಜವಾಗಿಯೂ ಬಂದರು. ಬಿರುಕು ಬಿಟ್ಟ ಭಾಗವನ್ನು ಒಡೆದು, ಮಳೆ ಕುಡಿದು ಗಟ್ಟಿಯಾಗಿದ್ದ ಮಣ್ಣನ್ನು ಇನ್ನೊಮ್ಮೆ ಬಡಿದು ಹೊಸದಾಗಿ ಕಾಂಕ್ರೀಟು ಹಾಕಿದರು. ಬಾವಿಯ ಬದಿಗೆ ಗಿಡ್ಡ ಮೆಟ್ಟಿಲು, ಕಂಬಿ ಬಂದವು. ಕ್ರಿಸ್ಮಸ್ ಕಳೆದು ಅಮ್ಮ ಮೊದಲ ಸಲ ಅದರಲ್ಲಿ ಇಳಿದರು. ರ‍್ಯಾಂಪಿನಲ್ಲಿ ಈಗ ಮಕ್ಕಳು ಸೈಕಲ್ ಬಿಡುತ್ತಾರೆ, ಅಡಿಕೆ ಮೂಟೆಯ ಕೈಗಾಡಿ ಹೋಗುತ್ತದೆ. ಮುಂದೆ ಯಾರಿಗಾದರೂ ಬೇಕಾಗಬಹುದು, ಅಮ್ಮನಿಗೋ ನನಗೋ. ಅದರ ಬದಿಯಲ್ಲಿ ಉಳಿದ ಒಂದೂವರೆ ಅಡಿ ಪಟ್ಟಿಯಲ್ಲಿ ಒಂಬತ್ತು ಗಿಡ ನೆಟ್ಟಿದ್ದೇವೆ. ಎಲ್ಲಿ, ಎಷ್ಟು ಅಂತರದಲ್ಲಿ ಎಂದು ಅಮ್ಮ ವಾಕರ್ ಎತ್ತಿ ತೋರಿಸಿದರು, ನಾನು ಗುಂಡಿ ತೋಡಿದೆ. ನೆಲಗಡಲೆ ಹಿಂಡಿ, ಸೆಗಣಿಗೊಬ್ಬರದ ಅಳತೆಯೂ ಅವರದೇ.

ಉಳಿದದ್ದು ನೆಲದ ಟೈಲ್ಸ್. 2026ರ ಮಾರ್ಚಿನಲ್ಲಿ ಟೈಲ್ಸಿನವನಿಗೆ ಕೊನೆಗೂ ಪುರುಸೊತ್ತಾಯಿತು. ಬರುವ ವಾರವೇ ಬರುತ್ತೇನೆಂದು ಅವನಾಗಿಯೇ ಫೋನ್ ಮಾಡಿದ. ತಮ್ಮನಿಗೆ ಬಹಳ ಸಂತೋಷವಾಯಿತು. ಅಮ್ಮ ಮಾತ್ರ ಬೇಡ ಎಂದರು. ಗಿಡಗಳು ಮೊದಲ ಮೊಗ್ಗು ಹಿಡಿದಿವೆ, ಟೈಲ್ಸ್ ಕೊಯ್ಯುವ ಧೂಳು ಅದರ ಮೇಲೆ ಕೂರ್ತದೆ, ಹೂವಿನ ಕಾಲ ಮುಗಿಯಲಿ. ಹೂವಿನ ಕಾಲ ಮುಗಿಯುವಾಗ ಮಳೆ ಶುರುವಾಗುತ್ತದಲ್ಲ ಎಂದರೆ, “ಮಳೆಯೂ ಕಳೆಯಲಿ” ಎಂದರು. ತಮ್ಮ ಗಲ್ಫಿನಿಂದ ನನಗೆ ಫೋನ್ ಮಾಡಿ, ನೀನಾದರೂ ಅಮ್ಮನಿಗೆ ಹೇಳು, ಇಂಥ ಕೆಲಸದವನು ಮತ್ತೆ ಸಿಗುವುದಿಲ್ಲ ಎಂದು ಗೋಗರೆದ. ಅಷ್ಟರಲ್ಲಿ ಟೈಲ್ಸಿನವನದೇ ಫೋನ್ ಬಂತು, ಬರುವುದೋ ಬೇಡವೋ ಎಂದು ಕೇಳಲು.

“ನಾಡಿದ್ದು ಹೇಳ್ತೇನೆ” ಎಂದೆ.